ಊರಿನ ಊಟದ ಲೆಕ್ಕ ಇಡುವವರು ಬೇಕಾಗಿದ್ದಾರೆ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನೀವು ದಿನಕ್ಕೆ ಎರಡು ಸಲ ಡೇರಿಗೆ ಹೋಗುತ್ತೀರಿ. ಅಲ್ಲಿ ನಿಮ್ಮ ಹಾಲನ್ನು ಅಳೆಯುತ್ತಾರೆ, ಮಾದರಿ ತೆಗೆಯುತ್ತಾರೆ, ಜಿಡ್ಡು ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂದು ಪರೀಕ್ಷಿಸುತ್ತಾರೆ. ಜಿಡ್ಡು ಸ್ವಲ್ಪ ಇಳಿದರೂ ನೀವು ಸುಮ್ಮನಿರುವುದಿಲ್ಲ. ಮೇವು ಬದಲಾಯಿತೇ, ಹಿಂಡಿ ಕಡಿಮೆಯಾಯಿತೇ, ಖನಿಜ ಮಿಶ್ರಣ ಕೊಡುವುದು ಮರೆತೆವೇ ಎಂದು ಅದೇ ಸಂಜೆ ವಿಚಾರ ಮಾಡುತ್ತೀರಿ. ಬಟವಾಡೆಯ ದಿನ ಒಂದೊಂದು ಲೀಟರಿನ ಲೆಕ್ಕವನ್ನೂ ಕೇಳಿ ಪಡೆಯುತ್ತೀರಿ. ಇದು ಬಹಳ ಒಳ್ಳೆಯ ಪದ್ಧತಿ. ನಮ್ಮ ಸಹಕಾರ ಸಂಘಗಳು ನಿಂತಿರುವುದೇ ಇದರ ಮೇಲೆ.

ಈಗ ನಾನು ಕೇಳುವ ಪ್ರಶ್ನೆಗೆ ಉತ್ತರ ಹೇಳಿ. ನಿಮ್ಮ ಮನೆಯ ಮೂರು ವರ್ಷದ ಮಗುವಿನ ತೂಕ ಈ ತಿಂಗಳು ಎಷ್ಟಿದೆ? ಬಸುರಿ ಸೊಸೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ? ಹತ್ತನೆಯ ತರಗತಿಯಲ್ಲಿ ಓದುವ ಮಗಳು ನಿನ್ನೆ ಇಡೀ ದಿನ ಏನು ಉಂಡಳು? ಎಮ್ಮೆಯ ಹಾಲಿನ ಜಿಡ್ಡನ್ನು ದಶಾಂಶದವರೆಗೆ ಬಲ್ಲ ನಮಗೆ ಈ ಮೂರು ಲೆಕ್ಕ ಗೊತ್ತಿರುವುದು ಅಪರೂಪ.

ಈ ಲೆಕ್ಕ ಇಡುವುದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ. ಒಬ್ಬ ರೋಗಿಗೆ ಔಷಧ ಕೊಡುವ ವೈದ್ಯರಿಗಿಂತ ಅವರ ಕೆಲಸ ಬೇರೆ. ಇಡೀ ಊರು ಏನು ಉಣ್ಣುತ್ತದೆ, ಯಾರಿಗೆ ಸಾಲದು, ಏಕೆ ಸಾಲದು ಎಂದು ನೋಡಿ ಅದನ್ನು ಸರಿಪಡಿಸುವವರು ಅವರು. ಇದಕ್ಕೆ ಸಾರ್ವಜನಿಕ ಆರೋಗ್ಯ ಸೇವೆ ಎನ್ನುತ್ತಾರೆ. ಈ ಸೇವೆಗೆ ನಿಮ್ಮ ಮಕ್ಕಳನ್ನು ಕಳಿಸಿರಿ ಎಂದು ಕೇಳುವುದಕ್ಕೇ ನಾನು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಆಹಾರ ಭದ್ರತೆ ಎಂದರೇನು?

ಕಣಜ ತುಂಬಿದ್ದರೆ ಆಹಾರ ಭದ್ರತೆ ಬಂದಂತೆ ಎಂದು ನಾವು ತಿಳಿದಿದ್ದೇವೆ. ಅದು ಕಾಲು ಭಾಗ ಮಾತ್ರ ಸರಿ. 1996ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಆಹಾರ ಸಮ್ಮೇಳನದ ನಂತರ ಇದನ್ನು ನಾಲ್ಕು ಅಂಶಗಳಲ್ಲಿ ನೋಡುವುದು ರೂಢಿಯಾಗಿದೆ. ಆಹಾರ ಊರಲ್ಲಿ ಇರಬೇಕು. ಅದು ಪ್ರತಿಯೊಬ್ಬರ ಕೈಗೆ ಎಟುಕಬೇಕು. ತಿಂದದ್ದು ಮೈಗೆ ಹತ್ತಬೇಕು. ಈ ಮೂರೂ ವರ್ಷದ ಹನ್ನೆರಡು ತಿಂಗಳು ತಪ್ಪದೆ ನಡೆಯಬೇಕು.

ಈ ನಾಲ್ಕನ್ನು ನಮ್ಮ ಐದು ತಾಲೂಕುಗಳಿಗೆ ಹಚ್ಚಿ ನೋಡಿರಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಹರಿಯುವ ನಾಡು ನಮ್ಮದು. ನೀರಿದೆ, ಕಬ್ಬಿದೆ, ಸಕ್ಕರೆ ಕಾರ್ಖಾನೆಗಳಿವೆ. ನಿಪ್ಪಾಣಿ ಭಾಗದಲ್ಲಿ ತಂಬಾಕು, ಅಥಣಿ ಭಾಗದಲ್ಲಿ ದ್ರಾಕ್ಷಿ. ಇವೆಲ್ಲ ಹಣ ತರುವ ಬೆಳೆಗಳು, ತಪ್ಪೇನಿಲ್ಲ. ಆದರೆ ಕಬ್ಬು ಬಂದ ಹೊಲದಿಂದ ಜೋಳ ಹೋಯಿತು. ಜೋಳದ ಜೊತೆಗೆ ಅಕ್ಕಡಿ ಸಾಲಿನ ತೊಗರಿ, ಮಡಿಕೆ, ಹೆಸರು, ಬದುವಿನ ಮೇಲಿನ ಕಿರಕಸಾಲಿ ಸೊಪ್ಪು ಇವೂ ಹೋದವು. ಮೊದಲು ಹೊಲದಿಂದ ನೇರವಾಗಿ ತಾಟಿಗೆ ಬರುತ್ತಿದ್ದ ಕಾಳು-ಪಲ್ಯೆಗಳನ್ನು ಈಗ ಸಂತೆಯಲ್ಲಿ ಕೊಳ್ಳಬೇಕು. ಕಾರ್ಖಾನೆಯ ಬಿಲ್ಲು ತಡವಾದ ವರ್ಷ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಬೇಳೆ ಮತ್ತು ಕಾಯಿಪಲ್ಲೆ.

ಅಥಣಿ ತಾಲೂಕಿನ ಪೂರ್ವ ಭಾಗದಲ್ಲಿ ಮಳೆ ಕೈಕೊಟ್ಟರೆ ಕುಡಿಯುವ ನೀರಿಗೂ ಮೇವಿಗೂ ಪರದಾಟ. ಇತ್ತ ನದಿ ದಂಡೆಯ ಊರುಗಳು 2005, 2019 ಮತ್ತು 2021ರಲ್ಲಿ ಮಹಾಪೂರದಲ್ಲಿ ಮುಳುಗಿದ್ದನ್ನು ನೀವೇ ಕಂಡಿದ್ದೀರಿ. 2019ರ ಆಗಸ್ಟ್ ತಿಂಗಳಲ್ಲಿ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದವರು ಈ ಸಭೆಯಲ್ಲೇ ಬಹಳ ಜನರಿದ್ದೀರಿ. ರಸ್ತೆ ಮುಳುಗಿದರೆ ಹಾಲಿನ ವಾಹನ ಬರುವುದಿಲ್ಲ. ಹಾಲು ಹೋಗದಿದ್ದರೆ ಬಟವಾಡೆ ಇಲ್ಲ. ಬಟವಾಡೆ ಇಲ್ಲದಿದ್ದರೆ ಸಂತೆ ಇಲ್ಲ. ಭದ್ರವೆಂದು ನಾವು ತಿಳಿದ ಊಟ ಎರಡು ವಾರದ ನೀರಿಗೆ ಅಲುಗಾಡುತ್ತದೆ.

ಅಂಕಿ-ಸಂಖ್ಯೆ ಏನು ಹೇಳುತ್ತದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇಕಡಾ 32.9 ಮಕ್ಕಳ ತೂಕ ವಯಸ್ಸಿಗೆ ಸಾಲದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5, ಹದಿನೈದರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 47.8 ಜನರಿಗೆ ರಕ್ತಹೀನತೆ ಇದೆ. ಹಾಲು ಉತ್ಪಾದನೆಯಲ್ಲಿ ಹೆಸರು ಮಾಡಿದ ರಾಜ್ಯದ ಮಾತು ಇದು.

ಹಾಗಾದರೆ ಹಾಲು ಎಲ್ಲಿ ಹೋಗುತ್ತದೆ? ಒಂದು ಮನೆಯ ಲೆಕ್ಕ ಹಾಕೋಣ. ಎರಡು ಎಮ್ಮೆ, ದಿನಕ್ಕೆ ಎಂಟು ಲೀಟರ್ ಹಾಲು, ಮನೆಯಲ್ಲಿ ಆರು ಜನ ಎಂದು ಇಟ್ಟುಕೊಳ್ಳಿ. ಏಳೂವರೆ ಲೀಟರ್ ಡೇರಿಗೆ ಹೋಗುತ್ತದೆ. ಉಳಿದ ಅರ್ಧ ಲೀಟರ್ ಚಹಾಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ಒಬ್ಬರಿಗೆ ದಿನಕ್ಕೆ ಸುಮಾರು 300 ಮಿಲಿ ಲೀಟರ್ ಹಾಲು ಅಥವಾ ಅಷ್ಟೇ ಮೊಸರು ಇರಲಿ ಎನ್ನುತ್ತದೆ. ಆರು ಜನಕ್ಕೆ ಅದು 1.8 ಲೀಟರ್ ಆಗುತ್ತದೆ. ಎಲ್ಲರಿಗೂ ಅಷ್ಟು ಇಟ್ಟುಕೊಳ್ಳಿ ಎಂದು ನಾನು ಹೇಳಿದರೆ ಸಾಲದ ಕಂತು ಕಟ್ಟುವವರು ಯಾರು ಎಂದು ನೀವು ಕೇಳುತ್ತೀರಿ. ಆ ಪ್ರಶ್ನೆ ನ್ಯಾಯವಾದದ್ದು. ಹಾಗಾದರೆ ಬಸುರಿ ಒಬ್ಬಳಿಗೆ ಮಾತ್ರ ದಿನಕ್ಕೆ 300 ಮಿಲಿ ಲೀಟರ್ ಇಡಿ. ಒಂಬತ್ತು ತಿಂಗಳಿಗೆ ಆಗುವುದು 81 ಲೀಟರ್. ಈ ಮನೆಗೆ ಅದು ಹತ್ತು ದಿನದ ಹಾಲು. ಮುಂದೆ ಆ ಮಗುವಿನ ಔಷಧಕ್ಕೆ ಮಾಡುವ ಖರ್ಚಿನ ಜೊತೆ ಇದನ್ನು ಹೋಲಿಸಿ ನೋಡಿರಿ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆ ನಮ್ಮ ಕ್ಯಾನಿಗೆ ಅನ್ವಯಿಸಬಾರದು.

ಇಲ್ಲಿ ಇನ್ನೊಂದು ಮಾತು. ಹಾಲು ಒಂದರಿಂದಲೇ ಎಲ್ಲವೂ ಆಗುವುದಿಲ್ಲ. ಹಾಲಿನಲ್ಲಿ ಸುಣ್ಣದಂಶ ಹಾಗೂ ಉತ್ತಮ ಸಸಾರಜನಕ ಇದೆ, ಆದರೆ ಕಬ್ಬಿಣದಂಶ ಬಹಳ ಕಡಿಮೆ. ರಕ್ತಹೀನತೆ ಹೋಗಬೇಕಾದರೆ ಕಾಳು, ಸೊಪ್ಪು, ರೂಢಿ ಇರುವವರಿಗೆ ಮೊಟ್ಟೆ-ಮಾಂಸ, ಜೊತೆಗೆ ಆರೋಗ್ಯ ಇಲಾಖೆ ಕೊಡುವ ಕಬ್ಬಿಣದ ಮಾತ್ರೆ ಬೇಕು. ರೊಟ್ಟಿಯ ಜೊತೆಗೇ ಚಹಾ ಕುಡಿದರೆ ತಿಂದ ಕಬ್ಬಿಣದಂಶವೂ ಮೈಗೆ ಹತ್ತುವುದಿಲ್ಲ. ಹಾಗೆಯೇ ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲು ಮಾತ್ರ ಸಾಕು. ಮನೆಯಲ್ಲಿ ಹೈನವಿದೆಯೆಂದು ಎಮ್ಮೆ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಬಾರದು. ಇಂಥ ಮಾತನ್ನು ಮನೆಯ ಅತ್ತೆಗೆ ಬೇಸರವಾಗದಂತೆ, ಸೊಸೆಗೆ ತಿಳಿಯುವಂತೆ ಹೇಳಲು ತರಬೇತಿ ಬೇಕು, ಊರಿನ ಪರಿಚಯವೂ ಬೇಕು. ಆದ್ದರಿಂದಲೇ ಈ ಕೆಲಸಕ್ಕೆ ಊರಿನ ಮಕ್ಕಳೇ ಬೇಕು.

ನಮ್ಮ ಜಿಲ್ಲೆಯಲ್ಲೇ ನಡೆದ ಕೆಲಸ

ಇಂಥ ಕೆಲಸ ದೂರದ ದೇಶದಲ್ಲಿ ನಡೆಯುವುದು ಎಂದು ತಿಳಿಯಬೇಡಿ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಹೊರದೇಶಗಳ ಸಂಶೋಧಕರ ಜೊತೆ ಸೇರಿ ನಮ್ಮ ಭಾಗದ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದೇ ಅಧ್ಯಯನ ಪಾಕಿಸ್ತಾನ, ಗ್ವಾಟೆಮಾಲಾ ಹಾಗೂ ಕಾಂಗೋ ದೇಶಗಳ ಹಳ್ಳಿಗಳಲ್ಲೂ ನಡೆದಿತ್ತು. ಕೆಲವು ಹೆಣ್ಣುಮಕ್ಕಳಿಗೆ ಬಸುರಾಗುವ ಮೂರು ತಿಂಗಳಾದರೂ ಮುಂಚಿನಿಂದ, ಕೆಲವರಿಗೆ ಬಸುರಾದ ಮೂರು ತಿಂಗಳ ಹೊತ್ತಿನಿಂದ ಪ್ರತಿದಿನ ಒಂದು ಸಣ್ಣ ಪೊಟ್ಟಣದಷ್ಟು ಪೌಷ್ಟಿಕ ಆಹಾರ ಕೊಟ್ಟರು. ಉಳಿದವರು ಎಂದಿನ ಊಟದಲ್ಲೇ ಇದ್ದರು. ಹುಟ್ಟಿದ ಮಕ್ಕಳನ್ನು ಅಳೆದು ನೋಡಿದಾಗ ಪೌಷ್ಟಿಕ ಆಹಾರ ಪಡೆದ ತಾಯಂದಿರ ಮಕ್ಕಳು ಹೆಚ್ಚು ಉದ್ದ ಬೆಳೆದಿದ್ದರು. ಕುಂಠಿತವಾಗಿ ಹುಟ್ಟಿದ ಮಕ್ಕಳು ಅವರಲ್ಲಿ ಕಡಿಮೆ.

ಕೇಳುವುದಕ್ಕೆ ಸರಳವಾಗಿದೆ. ಆದರೆ ಇದನ್ನು ತಿಳಿಯಲು ಯಾರೋ ಮನೆಮನೆಗೆ ಹೋಗಬೇಕಾಯಿತು. ಪೊಟ್ಟಣ ತಿಂದಳೇ ಇಲ್ಲವೇ ಎಂದು ಕೇಳಿ ಬರೆದುಕೊಳ್ಳಬೇಕಾಯಿತು. ಹುಟ್ಟಿದ ಕೂಸಿನ ಉದ್ದವನ್ನು ಸರಿಯಾಗಿ ಅಳೆಯಬೇಕಾಯಿತು. ನಮ್ಮ ಹಾಲು ಪರೀಕ್ಷಕರು ಮಾದರಿ ತೆಗೆಯುವಾಗ ಇರಿಸುವ ನಿಷ್ಠೆಯೇ ಇಲ್ಲಿಯೂ ಬೇಕಾಯಿತು. ನಮಗೆ ಇದರಿಂದ ಸಿಗುವ ಪಾಠ ಇಷ್ಟು: ಮಗುವಿನ ಬೆಳವಣಿಗೆ ತಾಯಿಯ ತಾಟಿನಿಂದ ಶುರುವಾಗುತ್ತದೆ. ಸೊಸೆ ಬಸುರಾದ ಮೇಲೆ ಕಾಳಜಿ ಮಾಡುವುದು ಒಳ್ಳೆಯದು, ಮಗಳು ಶಾಲೆಯಲ್ಲಿರುವಾಗಲೇ ಅವಳ ಊಟ ನೋಡುವುದು ಇನ್ನೂ ಒಳ್ಳೆಯದು.

ಹಿಂದಿನ ಇನ್ನೊಂದು ಉದಾಹರಣೆ ನಮ್ಮ ಎಮ್ಮೆಗಳಿಗೇ ಸಂಬಂಧಿಸಿದ್ದು. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡಲಾಗದು ಎಂಬ ಮಾತು ಒಂದು ಕಾಲಕ್ಕೆ ಇತ್ತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಆ ವಿಧಾನ ಕಂಡುಹಿಡಿದರು. ಗುಜರಾತಿನ ಅಮುಲ್ ಸಹಕಾರಿ ಸಂಸ್ಥೆ ಅದನ್ನು ತಯಾರಿಕೆಗೆ ತಂದಿತು. ತಾಯಿಯ ಹಾಲು ಸಿಗದ ಕೂಸುಗಳಿಗೆ ಅದು ನೆರವಾಯಿತು. ಆಹಾರ ಬಲ್ಲವರು ಹಾಗೂ ಹಾಲು ಉತ್ಪಾದಕರು ಕೈಗೂಡಿಸಿದರೆ ಏನಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ರಾಜ್ಯದ ಕ್ಷೀರಭಾಗ್ಯವೂ ಹೀಗೆಯೇ. 2013ರ ಆಗಸ್ಟ್ 1ರಂದು ಅದು ಆರಂಭವಾಯಿತು. ನೀವು ಕ್ಯಾನಿಗೆ ಸುರಿದ ಹಾಲು ಪುಡಿಯಾಗಿ, ಮತ್ತೆ 150 ಮಿಲಿ ಲೀಟರ್ ಹಾಲಾಗಿ ಶಾಲೆಯ, ಅಂಗನವಾಡಿಯ ಮಕ್ಕಳ ಕೈಗೆ ಬರುತ್ತದೆ. ಅಂಗನವಾಡಿಯ ಊಟ, ಶಾಲೆಯ ಬಿಸಿಯೂಟ ಇವು ಯಾರೋ ಕೊಡುವ ದಾನವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅದು ಮಕ್ಕಳ ಹಕ್ಕು.

ಅವರು ಮಾಡುವ ಕೆಲಸವೇನು?

ಒಬ್ಬ ಆಹಾರ-ಆರೋಗ್ಯ ಕಾರ್ಯಕರ್ತೆ ನಮ್ಮ ತಾಲೂಕುಗಳಲ್ಲಿ ಏನು ಮಾಡಬಹುದು ಎಂದು ಕೇಳುತ್ತೀರಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡ ರಟ್ಟೆಯ ನಡುವೆ ಅಳತೆಯ ಪಟ್ಟಿ ಸುತ್ತಿ ನೋಡುತ್ತಾಳೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಆ ಮಗುವಿಗೆ ತೀವ್ರ ಅಪೌಷ್ಟಿಕತೆ. ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. 12.5ಕ್ಕಿಂತ ಕಡಿಮೆ ಇದ್ದರೆ ಊಟ ಸುಧಾರಿಸಿ ನಿಗಾ ಇಡಬೇಕು. ಆ ಪಟ್ಟಿಯ ಬೆಲೆ ಅತ್ಯಲ್ಪ, ಆದರೆ ಅದು ಸಕಾಲಕ್ಕೆ ಸುತ್ತಿದ ಕೈಯಿಂದ ಜೀವ ಉಳಿಯುತ್ತದೆ.

ಕಬ್ಬಿನ ಹಂಗಾಮು ಬಂದಾಗ ಹೊರಗಿನಿಂದ ಬಂದ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಹೊಲದ ಬದಿಯಲ್ಲೇ ಗುಡಿಸಲು ಹಾಕುತ್ತವೆ. ಆ ಗುಡಿಸಲಿನ ಕೂಸುಗಳ ಹೆಸರು ತಮ್ಮ ಊರಿನ ಅಂಗನವಾಡಿಯಲ್ಲಿ ಇರುತ್ತದೆ, ಕೂಸು ಇಲ್ಲಿ ಇರುತ್ತದೆ. ಅವುಗಳನ್ನು ಹುಡುಕಿ ಇಲ್ಲಿನ ಅಂಗನವಾಡಿಗೆ ಸೇರಿಸುವವರು ಬೇಕು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ, ತಂಬಾಕಿನ ಕೆಲಸ ಮಾಡುವ ತಾಯಂದಿರ ಊಟ-ಆರೋಗ್ಯ ವಿಚಾರಿಸುವವರು ಬೇಕು. ಮಹಾಪೂರ ಬಂದಾಗ ಪರಿಹಾರ ಕೇಂದ್ರದಲ್ಲಿ ಅನ್ನ-ಸಾರು ಮಾತ್ರ ಸಾಲದು. ಕೂಸಿಗೆ ಏನು, ಬಾಣಂತಿಗೆ ಏನು, ಕುಡಿಯುವ ನೀರು ಶುದ್ಧವೇ ಎಂದು ನೋಡುವವರು ಬೇಕು. ದನಕ್ಕೆ ಕಂದು ಹಾಕುವ ರೋಗ ಬಂದರೆ ಅದು ಹಸಿ ಹಾಲಿನಿಂದ ಮನುಷ್ಯರಿಗೂ ಬರಬಹುದು, ಹಾಲು ಕಾಯಿಸಿಯೇ ಕುಡಿಯಿರಿ ಎಂದು ಪಶುವೈದ್ಯರ ಜೊತೆಗೂಡಿ ತಿಳಿಸುವವರು ಬೇಕು.

ಗಡಿ ಭಾಗದ ನಮ್ಮ ಮಕ್ಕಳಿಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಎರಡೂ ಭಾಷೆಯಲ್ಲಿ ತಾಯಿಯೊಬ್ಬಳ ಜೊತೆ ಕುಳಿತು ಮಾತನಾಡಬಲ್ಲವರು ಈ ಕೆಲಸಕ್ಕೆ ಎಷ್ಟು ಬೆಲೆಯುಳ್ಳವರು ಎಂದು ಬೇರೆ ಹೇಳಬೇಕಾಗಿಲ್ಲ.

ದಾರಿ ಯಾವುದು?

ಪಿ.ಯು.ಸಿ. ಮುಗಿಸಿದ ಹೆಣ್ಣುಮಗಳು ತನ್ನ ಊರಿನಲ್ಲೇ ಅಂಗನವಾಡಿ ಕಾರ್ಯಕರ್ತೆಯಾಗಬಹುದು. ಎ.ಎನ್.ಎಂ. ತರಬೇತಿ ಪಡೆದು ಉಪಕೇಂದ್ರದ ಆರೋಗ್ಯ ಸಿಬ್ಬಂದಿಯಾಗಬಹುದು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ ಇದೆ.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಸಮುದಾಯ ವಿಜ್ಞಾನ ಪದವಿ ಇದೆ. 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವೆಂದು ಶುರುವಾದ ಕಾಲೇಜು ಅದು. ಆಹಾರ ಮತ್ತು ಪೋಷಣೆ ಅಲ್ಲಿನ ಮುಖ್ಯ ವಿಷಯಗಳಲ್ಲಿ ಒಂದು. ಕೃಷಿ ಸಂಬಂಧಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿವೆ. ಸಿ.ಇ.ಟಿ. ಅರ್ಜಿ ತುಂಬುವಾಗಲೇ ಅದಕ್ಕೆ ಬೇಕಾದ ದಾಖಲೆ ಸಿದ್ಧವಿರಲಿ. ಗಂಡುಮಕ್ಕಳೂ ಈ ಪದವಿಗೆ ಸೇರಬಹುದು.

ಪದವಿಯ ಮೇಲೆ ಎರಡು ವರ್ಷ ಓದಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂ.ಪಿ.ಎಚ್., ಪಡೆಯಬಹುದು. ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಬೆಳಗಾವಿಯ ಕೆ.ಎಲ್.ಇ.ಯಲ್ಲೂ ಓದುವ ಅವಕಾಶವಿದೆ. ಪೋಷಣೆಯನ್ನೇ ಆಳವಾಗಿ ಓದಬೇಕೆನ್ನುವವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನ ಒಂದೇ ಕೋಣೆಯಲ್ಲಿ ಶುರುವಾದ ಸಂಸ್ಥೆ ಅದು. ಪದವೀಧರರು ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಾಗಬಹುದು. ಹೈನು ತಂತ್ರಜ್ಞಾನ, ಪಶುವೈದ್ಯಕೀಯ ಓದಿದವರಿಗೂ ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ ಅರ್ಹತೆ ಇದೆ.

ಮುಚ್ಚುಮರೆ ಇಲ್ಲದೆ ಇದರ ಕಷ್ಟವನ್ನೂ ಹೇಳುತ್ತೇನೆ. ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಮೇಲಿನ ಹಂತದಲ್ಲೂ ಅನೇಕ ಹುದ್ದೆಗಳು ಗುತ್ತಿಗೆಯವು. ವೈದ್ಯರಿಗೆ ಸಿಗುವಷ್ಟು ಹಣ ಇದರಲ್ಲಿ ಬರುವುದಿಲ್ಲ. ಎಂ.ಪಿ.ಎಚ್. ಓದಿದ ಮರುದಿನವೇ ಹುದ್ದೆ ಕಾದಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದ್ದರಿಂದ ಮೊದಲು ನರ್ಸಿಂಗ್, ಸಮುದಾಯ ವಿಜ್ಞಾನ, ಪಶುವೈದ್ಯಕೀಯ ಇಂಥ ಗಟ್ಟಿಯಾದ ಒಂದು ಪದವಿ ಇರಲಿ. ಕೆಲ ವರ್ಷ ಹಳ್ಳಿಯಲ್ಲಿ ಕೆಲಸ ಮಾಡಿದ ಅನುಭವ ಇರಲಿ. ಆಮೇಲೆ ಮೇಲಿನ ಓದು. ಹೀಗೆ ಬಂದವರು ಕೆಲಸದಲ್ಲಿ ನಿಲ್ಲುತ್ತಾರೆ.

ಇನ್ನೊಂದು ಕಷ್ಟ ನಮ್ಮ ಮನೆಯೊಳಗಿನದು. ಮಗ ನೀಟ್ ಪರೀಕ್ಷೆಯಲ್ಲಿ ಉತ್ತೀರ್ಣನಾಗದಿದ್ದರೆ ಜೀವನವೇ ಮುಗಿಯಿತು ಎನ್ನುತ್ತೇವೆ. ಮಗಳಿಗೆ ಪಿ.ಯು.ಸಿ. ಆಯಿತು, ಇನ್ನು ಸಾಕು ಎನ್ನುತ್ತೇವೆ. ಅದೇ ಮಗಳು ಬೆಳಗಿನ ಐದಕ್ಕೆ ಎದ್ದು ಹಾಲು ಹಿಂಡಿ, ಡೇರಿಯ ಚೀಟಿ ಓದಿ, ತಿಂಗಳ ಲೆಕ್ಕ ಬರೆದಿಟ್ಟವಳು. ನೀವು ಅವಳ ಕೈಯಿಂದ ಮಾಡಿಸಿದ್ದು ಈ ವಿದ್ಯೆಯ ಮೊದಲ ಪಾಠವೇ. ಎರಡನೆಯ ಪಾಠಕ್ಕೆ ಧಾರವಾಡದ ಬಸ್ಸು ಹತ್ತಿಸಿರಿ.

ಸಂಘ ಏನು ಮಾಡಬಹುದು?

ದೊಡ್ಡ ಯೋಜನೆ ಬೇಡ. ಪ್ರತಿ ಸಂಘ ಈ ನಾಲ್ಕನ್ನು ಮಾಡಿದರೆ ಸಾಕು.

1. ತಿಂಗಳಿಗೊಂದು ದಿನ ಬಟವಾಡೆಯ ಹೊತ್ತಿಗೆ ಅಂಗನವಾಡಿ ಕಾರ್ಯಕರ್ತೆಯನ್ನು ತೂಕದ ಯಂತ್ರದೊಂದಿಗೆ ಸಂಘಕ್ಕೆ ಕರೆಯಿರಿ. ಸದಸ್ಯರ ಮಕ್ಕಳ ತೂಕ ಅಲ್ಲಿಯೇ ಆಗಲಿ.

2. ಬಸುರಿ, ಬಾಣಂತಿ ಇರುವ ಮನೆಯವರು ಮೊದಲು ಮನೆಯ ಪಾಲು ತೆಗೆದಿಟ್ಟು ಆಮೇಲೆ ಕ್ಯಾನಿಗೆ ಹಾಲು ಹಾಕುವ ಪದ್ಧತಿಯನ್ನು ಸಂಘದ ಸಭೆಯಲ್ಲಿ ಮಾತಾಡಿ ನಿರ್ಣಯಿಸಿರಿ.

3. ಹಂಗಾಮಿನಲ್ಲಿ ನಿಮ್ಮ ಹೊಲದ ಬದಿಯ ಗುಡಿಸಲುಗಳಲ್ಲಿ ಎಷ್ಟು ಕೂಸುಗಳಿವೆ ಎಂದು ಎಣಿಸಿ ಅಂಗನವಾಡಿಗೆ ತಿಳಿಸಿರಿ. ಸಾಧ್ಯವಾದರೆ ಒಂದು ಲೀಟರ್ ಹಾಲೂ ಹೋಗಲಿ.

4. ಸಂಘದ ಲಾಭದಲ್ಲಿ, ನಿಯಮದ ಮಿತಿಯೊಳಗೆ, ಪ್ರತಿವರ್ಷ ಒಬ್ಬ ಸದಸ್ಯರ ಮಗಳು ಅಥವಾ ಮಗನಿಗೆ ಈ ವಿದ್ಯೆಗಾಗಿ ನೆರವು ಕೊಡಿರಿ. ಓದು ಮುಗಿದ ಮೇಲೆ ಎರಡು ವರ್ಷ ನಮ್ಮ ತಾಲೂಕಿನಲ್ಲೇ ಕೆಲಸ ಮಾಡಲಿ ಎಂದು ಕೇಳಿರಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ಊಟ ಬಲ್ಲ ಒಬ್ಬರು ಊರಲ್ಲಿದ್ದರೆ ಊರಿಗೇ ಅನುಕೂಲ. ಅವರು ನಿಮ್ಮ ಮನೆಯಿಂದಲೇ ಬರಲಿ ಎಂದು ಹಾರೈಸುತ್ತೇನೆ.